ಒಂದು ಪರವಾನಗಿ, ಎರಡು ರೈಫಲ್

ಪುಣೆಯಲ್ಲಿ ನನಗೆ ರೈಫಲ್ ಪರವಾನಗಿ ಸಿಕ್ಕಿತೆಂದು ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪಯ್ಯ ಕೇಳಿದ್ದು ಒಂದೇ ಪ್ರಶ್ನೆ: ‘ಹಂದಿಗೆ ಆಗತ್ತಾ ಅದು?’

ತೀರ್ಥಹಳ್ಳಿ ಕಡೆಯ ನಮ್ಮ ತೋಟಕ್ಕೆ ಹಂದಿ ಬರುವುದು ಹೊಸದಲ್ಲ. ಬಾಳೆ ಬುಡ ಅಗೆದು, ಎಳೆ ಅಡಿಕೆ ಸಸಿ ಕೆಡವಿ, ಗದ್ದೆಯ ಅಂಚನ್ನು ನೇಗಿಲು ಹಾಯಿಸಿದಂತೆ ಉತ್ತು ಹೋಗುತ್ತವೆ. ಮನೆಯಲ್ಲಿ ಅಜ್ಜನ ಕಾಲದ ಒಂಟಿ ನಳಿಗೆಯ ತೋಟಾ ಕೋವಿ ಇದೆ, ಬೆಳೆ ರಕ್ಷಣೆಯ ಪರವಾನಗಿಯಲ್ಲಿ. ಈಗ ಅದಕ್ಕೆ ಎರಡೇ ಕೆಲಸ. ಮಂಗ ಓಡಿಸಲು ಗಾಳಿಗೊಂದು ಈಡು, ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ. ಅಪ್ಪಯ್ಯನಿಗೆ 68 ವರ್ಷ. ಮಗ ರೈಫಲ್ ಕೊಳ್ಳುತ್ತಾನೆಂದರೆ ಅದು ಈ ಕೋವಿಯ ಮುಂದಿನ ತಲೆಮಾರು ಎಂದೇ ಅವರು ತಿಳಿದಿದ್ದರು.

ನಾನು ಅರ್ಜಿ ಹಾಕಿದ್ದು ಬೇರೆ ಕಾರಣಕ್ಕೆ. ನಾಲ್ಕು ವರ್ಷದ ಹಿಂದೆ ಸಹೋದ್ಯೋಗಿಯೊಬ್ಬ ಭಾನುವಾರ ಬೆಳಿಗ್ಗೆ ಶೂಟಿಂಗ್ ಕ್ಲಬ್ಬಿಗೆ ಎಳೆದುಕೊಂಡು ಹೋದ. ವಾರವಿಡೀ ಮಾನಿಟರ್ ನೋಡಿದ ಕಣ್ಣಿಗೆ, ಮೀಟಿಂಗ್ ಕೇಳಿದ ಕಿವಿಗೆ ಆ ಎರಡು ಗಂಟೆ ಎಷ್ಟು ಹಿತವಾಯಿತೆಂದರೆ ಮತ್ತೆ ಬಿಡಲಾಗಲಿಲ್ಲ. ಮೊದಲು 10 ಮೀಟರ್ ಏರ್ ರೈಫಲ್, ಆಮೇಲೆ 50 ಮೀಟರಿನಲ್ಲಿ ಮಲಗಿ ಹೊಡೆಯುವ .22. ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯ ಕಂಚು ಗೆದ್ದ ಮೇಲಂತೂ ಕ್ಲಬ್ಬಿನ ರೈಫಲ್‌ಗಳಿಗೆ ಸರದಿ ಕಾಯಬೇಕಾಯಿತು. ಸ್ವಂತದ್ದೊಂದು ಬೇಕೆನ್ನಿಸಿದ್ದು ಆಗ.

ಪರವಾನಗಿಯ ಕಥೆ ಬಾಡಿಗೆ ಮನೆಯಲ್ಲಿರುವ ಪ್ರತಿಯೊಬ್ಬರಿಗೂ ಊಹೆಗೆ ಸಿಗುವಂಥದ್ದು. ಬಾಡಿಗೆ ಕರಾರು, ಕ್ಲಬ್ಬಿನ ಪತ್ರ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ಪೊಲೀಸ್ ಪರಿಶೀಲನೆ, ಕಪಾಟಿನ ಬೀಗ ಎಲ್ಲಿದೆ ಎಂಬ ವಿಚಾರಣೆ. ಮನೆಗೆ ಬಂದ ಪೊಲೀಸರು ಚಹಾ ಕುಡಿಯುತ್ತ, ‘ಕರ್ನಾಟಕದವರು ಇಲ್ಲಿ ಬಂದೂಕು ಇಟ್ಟುಕೊಂಡು ಏನು ಮಾಡುತ್ತೀರಿ?’ ಎಂದು ಮರಾಠಿಯಲ್ಲಿ ಕೇಳಿದರು. ಕಾಗದಕ್ಕೆ ಹೊಡೆಯುತ್ತೇನೆ ಎಂದೆ. ನಂಬಿದಂತೆ ಕಾಣಲಿಲ್ಲ. ಕೊನೆಗೆ ಪುಸ್ತಕ ಕೈಗೆ ಬಂದಾಗ ಅದರಲ್ಲಿದ್ದುದು ಇಷ್ಟು: ನಿಷೇಧಿತವಲ್ಲದ ಬೋರಿನ ರೈಫಲ್, ಒಂದು. ಸಿಂಧುವಾಗುವ ಪ್ರದೇಶ, ಮಹಾರಾಷ್ಟ್ರ.

ಒಂದು ಎಂದರೆ ಆಯ್ಕೆ ಮಾಡಲೇಬೇಕು. ನನ್ನ ಮುಂದೆ ಎರಡಿದ್ದವು, ಎರಡೂ ಬೋಲ್ಟ್ ಆ್ಯಕ್ಷನ್. ಅಂದರೆ ಪ್ರತಿ ಈಡಿಗೂ ಕೈಯಿಂದಲೇ ಬೋಲ್ಟ್ ಎತ್ತಿ, ಹಿಂದಕ್ಕೆಳೆದು, ಖಾಲಿ ತೋಟಾ ಹೊರಗೆ ಚಿಮ್ಮಿಸಿ, ಮತ್ತೆ ಮುಂದಕ್ಕೆ ತಳ್ಳಬೇಕು.

ಮೊದಲನೆಯದು ಅಂಗಡಿಯ .315. ಕೋಲ್ಕತ್ತದ ಹತ್ತಿರ ಇಚ್ಛಾಪುರದ ಸರ್ಕಾರಿ ಕಾರ್ಖಾನೆಯ ಸರಕು. ಬ್ರಿಟಿಷರು ಸೈನ್ಯದ .303 ತೋಟಾ ಜನರ ಕೈಗೆ ಸಿಗಬಾರದೆಂದು ಅದನ್ನು ನಾಗರಿಕರಿಗೆ ನಿರ್ಬಂಧಿಸಿದ ಮೇಲೆ ಬಳಕೆಗೆ ಬಂದ ಬೋರ್ ಇದು. ತೋಟಾ ಆಸ್ಟ್ರಿಯಾದ ಮ್ಯಾನ್ಲಿಕರ್ ಮೂಲದ್ದು, ಯಂತ್ರ ಮಾತ್ರ ಅದೇ ಹಳೆಯ ಲೀ ಎನ್‌ಫೀಲ್ಡ್. ಅಂಗಡಿಯವರು ಬೋಲ್ಟ್ ಎಳೆಯಲು ಕೊಟ್ಟರು. ಎತ್ತುವಾಗ ಹಗುರ, ಮುಂದಕ್ಕೆ ತಳ್ಳುವಾಗ ಸ್ಪ್ರಿಂಗ್ ಎದುರು ನಿಲ್ಲುತ್ತದೆ, ಏಕೆಂದರೆ ಇದರ ಸೂಜಿ ಬಿಗಿಯಾಗುವುದು ಮುಚ್ಚುವಾಗ. ಸುಮಾರು 16 ಗ್ರಾಂ ತೂಕದ ಗುಂಡು ಸೆಕೆಂಡಿಗೆ 600 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ಹಂದಿಗೆ ಧಾರಾಳವಾಯಿತು.

ಎರಡನೆಯದು ಕ್ಲಬ್ಬಿನ ಹಿರಿಯ ಸದಸ್ಯರೊಬ್ಬರ ಹಳೆಯ .22, ಜೆಕೊಸ್ಲೊವಾಕಿಯಾದ ಬ್ರ್ನೋ ಮಾಡೆಲ್ 2. ಕೈ ನಡುಗತೊಡಗಿದೆ ಎಂದು ಮಾರಲು ಹೊರಟಿದ್ದರು. ಐದು ತೋಟಾದ ಪುಟ್ಟ ಮ್ಯಾಗಜಿನ್, ಬಳಸಿ ಬಳಸಿ ಎಣ್ಣೆ ಹಚ್ಚಿದಂತೆ ಜಾರುವ ಬೋಲ್ಟ್. ಗುಂಡಿನ ತೂಕ ಎರಡೂವರೆ ಗ್ರಾಂ, ಗುರಿ ಅಭ್ಯಾಸದ ತೋಟಾದಲ್ಲಿ ವೇಗ ಶಬ್ದಕ್ಕಿಂತ ತುಸು ಕಡಿಮೆ. ಲೆಕ್ಕ ಹಾಕಿದರೆ .315ರ ಶಕ್ತಿಯಲ್ಲಿ ಇಪ್ಪತ್ತರಲ್ಲೊಂದು ಪಾಲು. ಹಾಗೆಂದು ಆಟಿಕೆಯಲ್ಲ. ತಡೆಯಿಲ್ಲದಿದ್ದರೆ ಆ ಗುಂಡು ಒಂದು ಕಿಲೋಮೀಟರಿಗಿಂತ ಆಚೆಗೂ ಹೋಗುತ್ತದೆ.

ವೃತ್ತಿಯ ಚಾಳಿ, ಎಕ್ಸೆಲ್ ಹಾಳೆ ಮಾಡಿದೆ. ಎರಡು ಕಾಲಂ, ಹನ್ನೆರಡು ಸಾಲು. ಎಲ್ಲ ಸಾಲುಗಳ ಕೆಳಗೆ ಅಪ್ಪಯ್ಯನ ಮಾತು: ‘ಒಂದೇ ತಗೊಳ್ಳದಾದ್ರೆ ಎರಡೂ ಕೆಲಸಕ್ಕೆ ಆಗೋದು ತಗೋ ಮಾರಾಯ.’ ಬೇಟೆಗೂ ಗುರಿಗೂ ಒಂದೇ ರೈಫಲ್ ಎಂಬುದು ಕೇಳಲು ಚೆನ್ನ. ಆದರೆ 50 ಮೀಟರ್ ಗುರಿಯ ನಡುವಿನ ಹತ್ತರ ವೃತ್ತದ ಅಗಲ 10.4 ಮಿಲಿಮೀಟರ್, ಒಂದು ಕಡಲೆಕಾಳಿನಷ್ಟು. ಅದನ್ನು ಕಲಿಯಲು ಭಾನುವಾರಕ್ಕೆ ನೂರು ಈಡಾದರೂ ಬೇಕು. .315ರಲ್ಲಿ ನೂರು ಈಡು ಹೊಡೆದರೆ ಜೇಬೂ ಭುಜವೂ ಒಟ್ಟಿಗೆ ಹೋಗುತ್ತವೆ. ಭುಜಕ್ಕೆ ಒದೆ ಬೀಳುತ್ತದೆಂದು ಗೊತ್ತಾದ ಮೈ ಟ್ರಿಗರ್ ಒತ್ತುವ ಮೊದಲೇ ಸಣ್ಣಗೆ ಬೆಚ್ಚುತ್ತದೆ, ಆ ಬೆಚ್ಚುವಿಕೆಗೆ ಹತ್ತು ಏಳಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, .22ಕ್ಕೆಂದು ಕಟ್ಟಿದ ನಮ್ಮ ರೇಂಜಿನ ಗೋಡೆ .315ಕ್ಕೆ ಸಾಲದು.

ಇನ್ನು ಬೇಟೆ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆ್ಯಂಡರ್ಸನ್ ಕಥೆಗಳನ್ನು ಓದಿ ಬೆಳೆದ ನಮಗೆ ರೈಫಲ್ ಎಂದರೆ ಕಾಡೇ ನೆನಪಾಗುತ್ತದೆ. (ಆ್ಯಂಡರ್ಸನ್‌ರ .405 ವಿಂಚೆಸ್ಟರ್ ಬೋಲ್ಟ್ ಅಲ್ಲ, ಲಿವರ್ ಆ್ಯಕ್ಷನ್. ಬೋಲ್ಟ್ ಇದ್ದದ್ದು ಜಿಮ್ ಕಾರ್ಬೆಟ್‌ರ .275 ರಿಗ್ಬಿಗೆ. ಈ ಬಗ್ಗೆ ಹಾಸ್ಟೆಲಿನಲ್ಲಿ ಒಂದು ರಾತ್ರಿ ಜಗಳವೇ ಆಗಿತ್ತು.) ಆದರೆ 1972ರ ವನ್ಯಜೀವಿ ಕಾಯ್ದೆಯ ನಂತರ ಶಿಕಾರಿ ಎಂಬುದು ಹವ್ಯಾಸವಾಗಿ ಉಳಿದಿಲ್ಲ. ಬೆಳೆ ರಕ್ಷಣೆಯ ಪರವಾನಗಿ ಇದ್ದರೆ ಹಂದಿ ಹೊಡೆಯಬಹುದೆಂದು ನಮ್ಮೂರಲ್ಲಿ ಅರ್ಧ ಜನ ನಂಬಿದ್ದಾರೆ. ಕೋವಿಗೆ ಪರವಾನಗಿ ಕೊಡುವುದು ಶಸ್ತ್ರಾಸ್ತ್ರ ಕಾಯ್ದೆ, ಹಂದಿ ಇರುವುದು ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿ. ಬೆಳೆ ತಿನ್ನುತ್ತದೆಂದರೂ ಮುಖ್ಯ ವನ್ಯಜೀವಿ ಪರಿಪಾಲಕರೋ ಅವರು ಅಧಿಕಾರ ಕೊಟ್ಟ ಅಧಿಕಾರಿಯೋ ಕಾರಣ ಸಹಿತ ಲಿಖಿತ ಅನುಮತಿ ಕೊಡಬೇಕು.

ಇದನ್ನು ಫೋನಿನಲ್ಲಿ ವಿವರಿಸಿದೆ. ಅಪ್ಪಯ್ಯ ಸುಮ್ಮನೆ ಕೇಳಿಸಿಕೊಂಡರು. ಪುಣೆಯ ಪರವಾನಗಿಯ ರೈಫಲ್ ತೀರ್ಥಹಳ್ಳಿಗೆ ಬರುವಂತೆಯೇ ಇಲ್ಲ ಎಂದಾಗ ಮಾತ್ರ, ‘ಹಂಗಾರೆ ನೀನೂ ಬರಂಗಿಲ್ಲ ಅನ್ನು’ ಎಂದರು. ನಾನು ಉತ್ತರಿಸಲಿಲ್ಲ. ಆ ಸಾಲು ನನ್ನ ಎಕ್ಸೆಲ್ ಹಾಳೆಯಲ್ಲಿರಲಿಲ್ಲ.

ವಾರದ ನಂತರ ಅವರೇ ಫೋನ್ ಮಾಡಿದರು. ‘ಆ ಸಣ್ಣದ್ರಲ್ಲಿ ಹಂದಿಗೆ ಹೊಡಿಯಕ್ಕೆ ಹೋಗಬೇಡ’ ಎಂದರು. ಹನ್ನೆರಡು ವರ್ಷದವರಿದ್ದಾಗ, ಕಾಯ್ದೆ ಬರುವುದಕ್ಕೂ ಮೊದಲು, ಅಜ್ಜನ ಜೊತೆ ಹೋದ ಕಥೆ ಹೇಳಿದರು. ನನಗೆ ಮೊದಲ ಸಲ. ಈಡು ಹೊಟ್ಟೆಗೆ ತಾಗಿ ಹಂದಿ ಹಳು ನುಗ್ಗಿತಂತೆ. ತಾಗಿದ ಪ್ರಾಣಿಯನ್ನು ಬಿಟ್ಟು ಬರಬಾರದೆಂದು ಅಜ್ಜ ಎರಡು ದಿನ ಹುಡುಕಿದರಂತೆ. ಮೂರನೆಯ ದಿನ ವಾಸನೆ ದಾರಿ ತೋರಿಸಿತು. ‘ಅವತ್ತಿಂದ ನಂಗೆ ಈಡು ಅಂದ್ರೆ ಅದೇ ನೆನಪು. ಮಂಗ ಓಡ್ಸಕ್ಕೂ ಆಕಾಶಕ್ಕೇ ಹೊಡೀತೀನಿ, ನೋಡಿಲ್ವಾ?’ ನೋಡಿದ್ದೆ. ಗುರಿ ಹೋಗಿದೆ ಎಂದುಕೊಂಡಿದ್ದೆ.

ಬ್ರ್ನೋ ತೆಗೆದುಕೊಂಡೆ. ಒಬ್ಬ ಪರವಾನಗಿದಾರ ಇನ್ನೊಬ್ಬನಿಗೆ ಮಾರುವಾಗ ಮೊದಲು ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಕಾದೆವು. ಎರಡು ರೈಫಲ್‌ಗಳ ಬೆಲೆಯ ವ್ಯತ್ಯಾಸಕ್ಕೆ ಇನ್ನಷ್ಟು ಸೇರಿಸಿ ತೋಟದ ಹಳ್ಳದ ಬದಿಗೆ ಸೋಲಾರ್ ಬೇಲಿ ಹಾಕಿಸಿದ್ದೇವೆ. ಹಂದಿ ಈಗ ಪಕ್ಕದ ಮನೆಯವರ ತೋಟಕ್ಕೆ ಹೋಗುತ್ತಿದೆಯಂತೆ. ಅದು ಇನ್ನೊಂದು ಜಗಳ.

ಕೊಯ್ಲು ಮುಗಿಸಿ ಅಪ್ಪಯ್ಯ ಪುಣೆಗೆ ಬಂದಾಗ ಭಾನುವಾರ ರೇಂಜಿಗೆ ಕರೆದುಕೊಂಡು ಹೋದೆ. 50 ಮೀಟರನ್ನು ಕಣ್ಣಲ್ಲೇ ಅಳೆದು ‘ಹದಿನೆಂಟು ಮರ’ ಎಂದರು. ಒಂಬತ್ತು ಅಡಿ ಅಂತರದ ಅಡಿಕೆ ಲೆಕ್ಕದಲ್ಲಿ ಸರಿಯಾಗೇ ಇತ್ತು. ಮೊದಲ ಈಡಿಗೆ ‘ಸದ್ದೇ ಇಲ್ವಲ್ಲೋ’ ಎಂದು ನಕ್ಕವರು, ಆಮೇಲೆ ದೂರದರ್ಶಕಕ್ಕೆ ಕಣ್ಣಿಟ್ಟು ಕೂತರು. ಹತ್ತು ಈಡಿನಲ್ಲಿ ಒಂಬತ್ತು ಒಂದೇ ಕಡೆ, ಒಂದು ಮಾತ್ರ ಎಡಕ್ಕೆ ಏಳರ ವೃತ್ತಕ್ಕೆ ಹೋಗಿತ್ತು. ಉಸಿರು ತಪ್ಪಿತು ಎಂದೆ.

‘ಉಸಿರಲ್ಲ. ಬಲಗಡೆಯಿಂದ ಗಾಳಿ ಎದ್ದಿತ್ತು. ಆ ಬಾವುಟ ನೀನು ನೋಡ್ಲೇ ಇಲ್ಲ.’