25 ಬೇರೆ, "25" ಬೇರೆ

ಅಂಗಡಿಯವರು ಇಪ್ಪತ್ತೈದು ರೂಪಾಯಿ ಅಂದರೆ ನಮ್ಮ ಮನೆಯಲ್ಲಿ ಪಚ್ಚೀಸ್ ಅನ್ನುತ್ತೇವೆ. ಲೆಡ್ಜರಿನಲ್ಲಿ ಅದು 25. ಹಣ ಒಂದೇ, ರೂಪ ಮೂರು. ಕಂಪ್ಯೂಟರಿಗೂ ಹೀಗೇ. ಕೂಡಿ ಕಳೆಯುವ 25 ಒಂದು ಟೈಪ್. ಉದ್ಧರಣ ಚಿಹ್ನೆಯೊಳಗಿನ "25" ಬೇರೆ ಟೈಪ್. ಅದು 2 ಮತ್ತು 5 ಎಂಬ ಎರಡು ಅಕ್ಷರಗಳ ಸಾಲು, ಅಂದರೆ ಸ್ಟ್ರಿಂಗ್.

ಎರಡನ್ನೂ ಬೆರೆಸಿದರೆ ಏನಾಗುತ್ತದೆ? ಜಾವಾಸ್ಕ್ರಿಪ್ಟ್‌ನಲ್ಲಿ "100" + 20 ಅಂದರೆ "10020" ಬರುತ್ತದೆ. ಅಕೌಂಟೆನ್ಸಿ ಓದುವವರಿಗೆ ಎದೆ ಝಲ್ಲೆನ್ನುವ ಉತ್ತರ! ಪೈಥಾನ್ ಒಪ್ಪುವುದಿಲ್ಲ, ಆದರೆ ಪ್ರೋಗ್ರಾಂ ಓಡುತ್ತಾ ಆ ಸಾಲಿಗೆ ಬಂದಾಗ ಮಾತ್ರ ನಿಲ್ಲುತ್ತದೆ. ಹ್ಯಾಸ್ಕೆಲ್ ಓಡುವ ಮೊದಲೇ, ಕಂಪೈಲ್ ಮಾಡುವಾಗಲೇ ತಡೆಯುತ್ತದೆ.

ಹ್ಯಾಸ್ಕೆಲ್ 1990ರಲ್ಲಿ ಬಂದ ಫಂಕ್ಷನಲ್ ಭಾಷೆ. ಫಂಕ್ಷನ್‌ಗೆ ಒಂದು ಬೆಲೆ ಕೊಟ್ಟರೆ ಹೊಸ ಬೆಲೆ ಸಿಗುತ್ತದೆ, ಹಳೆಯದು ಹಾಗೇ ಇರುತ್ತದೆ. ಬೆಂಗಳೂರಿನ 'ನಮ್ಮ ಯಾತ್ರಿ' ಆಟೋ ಆ್ಯಪ್‌ನ ಸರ್ವರ್ ಭಾಗ ಇದರಲ್ಲೇ ಬರೆದದ್ದು. ಅದರ ಕೋಡ್ ಯಾರು ಬೇಕಾದರೂ ನೋಡಬಹುದು. ಬಾಡಿಗೆ ಲೆಕ್ಕ ಹಾಕುವಾಗ ಅದು ಸಂಖ್ಯೆ, ಪರದೆ ಮೇಲೆ ಕಾಣುವಾಗ ಅಕ್ಷರ.

ಹ್ಯಾಸ್ಕೆಲ್‌ನಲ್ಲಿ ಸಂಖ್ಯೆಯನ್ನು ಸ್ಟ್ರಿಂಗ್ ಮಾಡುವ ಫಂಕ್ಷನ್ ಹೆಸರು ಶೋ. ಎರಡು ಸ್ಟ್ರಿಂಗ್ ಜೋಡಿಸಲು ++ ಬಳಸುತ್ತಾರೆ:

"ಬಾಡಿಗೆ ರೂ. " ++ ಶೋ 25

ಉತ್ತರ "ಬಾಡಿಗೆ ರೂ. 25". (ಕೋಡ್‌ನಲ್ಲಿ ಶೋ ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.) ಶೋ ಬಿಟ್ಟರೆ ಎರರ್.

ಈಗ ನಮ್ಮೂರ ಹೆಸರಿಗೇ ಶೋ ಹಚ್ಚಿ ನೋಡಿ. ಶೋ "ಹುಲಿಕೆರೆ" ಅಂದರೆ ಬರುವುದು ಇದು:

"\3257\3265\3250\3263\3221\3270\3248\3270"

ಊರು ಎಲ್ಲಿ ಹೋಯಿತು? ಎಲ್ಲೂ ಇಲ್ಲ. ಇವು ಯೂನಿಕೋಡ್ ಸಂಖ್ಯೆಗಳು: 3257 ಅಂದರೆ ಹ, 3265 ಅಂದರೆ ಉಕಾರದ ಗುರುತು. ನಾವು ನಾಲ್ಕು ಅಕ್ಷರ ಎಣಿಸುವ ಕಡೆ ಅದು ಎಂಟು ಎಣಿಸುತ್ತದೆ. ಶೋ ಇರುವುದು ಕೋಡ್ ಬರೆಯುವವರಿಗಾಗಿ, ಓದುವವರಿಗಾಗಿ ಅಲ್ಲ. ಉರ್ದು ಹೆಸರಿಗೂ ಇದೇ ಗತಿ. ಇಂಗ್ಲಿಷ್ ಹೆಸರು ಮಾತ್ರ ಹಾಗೇ ಬರುತ್ತದೆ. ಇದು ನನಗೆ ಸರಿ ಕಾಣುವುದಿಲ್ಲ. ಆದ್ದರಿಂದ ಮೊದಲೇ ಸ್ಟ್ರಿಂಗ್ ಆಗಿರುವುದಕ್ಕೆ ಶೋ ಹಚ್ಚಬಾರದು. ನೇರವಾಗಿ ++ ಹಾಕಿ ಪುಟ್‌ಎಸ್‌ಟಿಆರ್‌ಎಲ್‌ಎನ್ ಎಂಬ ಫಂಕ್ಷನ್‌ನಿಂದ ಮುದ್ರಿಸಿದರೆ ಹುಲಿಕೆರೆ ಹುಲಿಕೆರೆಯಾಗಿಯೇ ಬರುತ್ತದೆ.

ಕಾಮರ್ಸ್‌ನವರಿಗೆ ಇನ್ನೊಂದು ತಮಾಷೆ. ದಶಾಂಶ ಇರುವ ಡಬಲ್ ಟೈಪಿನಲ್ಲಿ 9999999.0 ಹಾಗೇ ಕಾಣುತ್ತದೆ. ಒಂದು ರೂಪಾಯಿ ಸೇರಿ ಸರಿಯಾಗಿ ಕೋಟಿ ಆದ ಕೂಡಲೇ ಶೋ ಅದನ್ನು 1.0ಇ7 ಎಂದು ಬರೆಯುತ್ತದೆ! ವಿಜ್ಞಾನದವರಿಗೆ ಅರ್ಥವಾದೀತು, ಬ್ಯಾಲೆನ್ಸ್ ಶೀಟಿನಲ್ಲಿ ಯಾರೂ ಒಪ್ಪುವುದಿಲ್ಲ. ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಡುವುದೇ ಮೇಲು.

ವಾಪಸ್ ದಾರಿ, ಅಂದರೆ ಸ್ಟ್ರಿಂಗ್‌ನಿಂದ ಸಂಖ್ಯೆಗೆ, ಇನ್ನೂ ಕಷ್ಟ. ಎಲ್ಲ ಸಂಖ್ಯೆಯನ್ನೂ ಬರೆಯಬಹುದು, ಬರೆದದ್ದೆಲ್ಲ ಸಂಖ್ಯೆಯಲ್ಲ. ಫೀಸ್ ಫಾರಂನಲ್ಲಿ ಯಾರೋ "1,200" ಎಂದು ಅಲ್ಪವಿರಾಮ ಹಾಕಿದರೆ ರೀಡ್ ಎಂಬ ಫಂಕ್ಷನ್ ಪ್ರೋಗ್ರಾಂ ಅನ್ನೇ ನಿಲ್ಲಿಸಿಬಿಡುತ್ತದೆ. ಅದರ ಬದಲು ರೀಡ್‌ಮೇಬಿ ಬಳಸಿದರೆ "1,200"ಕ್ಕೆ ನಥಿಂಗ್, "1200"ಕ್ಕೆ ಜಸ್ಟ್ 1200 ಎಂಬ ಉತ್ತರ. ಈ ಜಸ್ಟ್ 1200 ಅನ್ನು ಹಾಗೇ ಮೊತ್ತಕ್ಕೆ ಸೇರಿಸಲು ಬರುವುದಿಲ್ಲ. ನಥಿಂಗ್ ಬಂದರೆ ಏನು ಮಾಡಬೇಕೆಂದು ಬರೆದು, ಒಳಗಿನ 1200 ಅನ್ನು ಬಿಡಿಸಿಕೊಂಡ ಮೇಲೆಯೇ ಕೂಡಬಹುದು.