ಹವಳಕ್ಕೂ ಹಸಿವಾಗುತ್ತದೆ

ದುಬೈಯಲ್ಲಿ ಕೆಲಸಕ್ಕಿರುವ ನನ್ನ ದೊಡ್ಡಪ್ಪನ ಮಗ ಅಣ್ಣನಿಗೆ ಅಕ್ವೇರಿಯಂ ಹುಚ್ಚು. ಅವನ ಮನೆಯಲ್ಲಿ 200 ಲೀಟರ್ ಉಪ್ಪುನೀರಿನ ಗಾಜಿನ ತೊಟ್ಟಿ ಇದೆ. ಅದರಲ್ಲಿ ಎರಡು ಕ್ಲೌನ್ ಮೀನು, ಕೆಲವು ಜೀವಂತ ಹವಳಗಳು. ಕಳೆದ ವರ್ಷ ಒಂದು ದಿನ ಖುಷಿಯಿಂದ ವಿಡಿಯೋ ಕಳುಹಿಸಿದ್ದ. ಪರೀಕ್ಷಾ ಕಿಟ್‌ನಲ್ಲಿ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ, ನೀರು ಕನ್ನಡಿಯ ಹಾಗೆ. ತಿಂಗಳು ತುಂಬುವುದರೊಳಗೆ ಹವಳಗಳು ಬಣ್ಣ ಕಳೆದುಕೊಂಡು ಸುಣ್ಣದಂತಾದವು. ಮರಳಿನ ಮೇಲೆ ಗುಳ್ಳೆ ಗುಳ್ಳೆಯಾದ ಕಂದು ಲೋಳೆ ಹಬ್ಬಿತು. "ಇಷ್ಟು ಸ್ವಚ್ಛವಾಗಿ ಇಟ್ಟರೂ ಹೀಗ್ಯಾಕಾಯ್ತು? ನೀನು ಬಯಾಲಜಿ ಓದ್ತೀಯಲ್ಲ, ಹೇಳು" ಎಂದ. ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಹುಡುಕಿ ಓದಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಭಾಗ ನಮ್ಮ ಪಠ್ಯದಲ್ಲೇ ಇದೆ. ಮೀನಿನ ಮಲ ಮತ್ತು ತಿನ್ನದೆ ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ನೈಟ್ರೊಸೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಬೇರೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಅಮೋನಿಯಾ ಮೀನನ್ನು ಬೇಗ ಕೊಲ್ಲುತ್ತದೆ, ನೈಟ್ರೇಟ್ ಹಾಗಲ್ಲ. ಆದರೆ ಗದ್ದೆಯಲ್ಲಿ ನೈಟ್ರೇಟನ್ನು ಪೈರು ಹೀರುತ್ತದೆ, ಗಾಜಿನ ತೊಟ್ಟಿಯಲ್ಲಿ ಅದು ದಿನದಿನವೂ ಸೇರುತ್ತಲೇ ಹೋಗುತ್ತದೆ. ಆಹಾರದಲ್ಲಿರುವ ರಂಜಕ ಫಾಸ್ಫೇಟ್ ಆಗಿ ಉಳಿಯುತ್ತದೆ. ಇವೆರಡೂ ಹೆಚ್ಚಾದರೆ ಕೂದಲಿನಂಥ ಹಸಿರು ಪಾಚಿ ಬೆಳೆದು ಹವಳವನ್ನು ಮುಚ್ಚುತ್ತದೆ. ಫಾಸ್ಫೇಟ್ ವಿಪರೀತವಾದರೆ ಹವಳ ತನ್ನ ಸುಣ್ಣದ ಅಸ್ಥಿ ಕಟ್ಟುವುದಕ್ಕೂ ತೊಂದರೆ.

ಆದ್ದರಿಂದಲೇ ಹವಳ ಸಾಕುವವರೆಲ್ಲ ಈ ಎರಡನ್ನು ಶತ್ರುಗಳಂತೆ ನೋಡುತ್ತಾರೆ. ಸುಲಭದ ಉಪಾಯ ನೀರು ಬದಲಿಸುವುದು. ಆದರೆ ಇಲ್ಲೊಂದು ಲೆಕ್ಕ ಇದೆ. ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್ ಇದ್ದು, ನೀರಿನ ಶೇ. 20 ಭಾಗ ಬದಲಿಸಿದರೆ 40ಕ್ಕೆ ಇಳಿಯುತ್ತದೆ. ಮುಂದಿನ ಸಲ 30 ಆಗುವುದಿಲ್ಲ, 32. ಅದರಾಚೆ 25.6. ಗುಣೋತ್ತರ ಶ್ರೇಢಿ! ಈ ನಡುವೆ ಮೀನಿಗೆ ಊಟ ಹಾಕುವುದು ನಿಲ್ಲುವುದಿಲ್ಲವಲ್ಲ.

ಇನ್ನೊಂದು ಸಾಧನ ಪ್ರೋಟೀನ್ ಸ್ಕಿಮ್ಮರ್. ನೀರಿನೊಳಗೆ ಅತಿ ಸಣ್ಣ ಗಾಳಿಗುಳ್ಳೆಗಳನ್ನು ಬಿಟ್ಟರೆ ಕೊಳೆಯುವ ಸಾವಯವ ಕಸ ಗುಳ್ಳೆಗೆ ಅಂಟಿಕೊಂಡು ನೊರೆಯಾಗಿ ಮೇಲೆ ಬರುತ್ತದೆ. ಮಳೆಗಾಲದಲ್ಲಿ ನಮ್ಮ ಕಡಲ ದಂಡೆಯಲ್ಲಿ ಕಾಣುವ ನೊರೆಯೂ ಹೆಚ್ಚುಕಡಿಮೆ ಇದೇ. ನೊರೆ ತೆಗೆದರೆ ಕಸ ನೈಟ್ರೇಟ್ ಆಗುವ ಮೊದಲೇ ಹೊರಗೆ. ಕೆಲವರು ಪಕ್ಕದ ತೊಟ್ಟಿಯಲ್ಲಿ ಕಡಲಪಾಚಿ ಬೆಳೆಸಿ ಆಗಾಗ ಕೊಯ್ಯುತ್ತಾರೆ. ಫಾಸ್ಫೇಟ್ ಹಿಡಿಯಲು ಕಬ್ಬಿಣದ ಆಕ್ಸೈಡಿನ ಹರಳುಗಳನ್ನು ಇಡುತ್ತಾರೆ. ಬ್ಯಾಕ್ಟೀರಿಯಾ ಹೆಚ್ಚಲಿ ಎಂದು ದಿನವೂ ಕೆಲವು ಹನಿ ವಿನೆಗರ್ ಹಾಕುವವರೂ ಇದ್ದಾರೆ. ಹೆಚ್ಚಿದ ಬ್ಯಾಕ್ಟೀರಿಯಾ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ತಿನ್ನುತ್ತದೆ, ಸ್ಕಿಮ್ಮರ್ ಆ ಬ್ಯಾಕ್ಟೀರಿಯಾವನ್ನು ಹೊರಗೆಳೆಯುತ್ತದೆ. ಅಣ್ಣ ಇವುಗಳಲ್ಲಿ ಮೂರನ್ನು ಒಟ್ಟಿಗೇ ಮಾಡಿದ್ದ.

ತಪ್ಪಾದದ್ದು ಅಲ್ಲಿ. ಹವಳ ಕಲ್ಲಲ್ಲ, ಪ್ರಾಣಿ. ಅದರ ಜೀವಕೋಶಗಳೊಳಗೆ ಝೂಕ್ಸಾಂಥೆಲ್ಲೆ ಎಂಬ ಏಕಕೋಶ ಪಾಚಿ ಬಾಡಿಗೆಗಿರುತ್ತದೆ. ಅದು ಬೆಳಕಿನಿಂದ ಸಕ್ಕರೆ ಮಾಡಿ ಹವಳಕ್ಕೆ ಕೊಡುತ್ತದೆ. ಹವಳದ ಬಣ್ಣದಲ್ಲಿ ಅದರದ್ದೂ ಪಾಲಿದೆ. ಪಾಚಿ ಎಂದ ಮೇಲೆ ಅದಕ್ಕೂ ಸಾರಜನಕ, ರಂಜಕ ಬೇಕು. ಎರಡನ್ನೂ ಸೊನ್ನೆ ಮಾಡಿದರೆ ಬಾಡಿಗೆದಾರ ಸೊರಗುತ್ತಾನೆ, ಮನೆಯವನು ಉಪವಾಸ ಬೀಳುತ್ತಾನೆ. ಖಾಲಿಯಾದ ಜಾಗಕ್ಕೆ ಡೈನೋಫ್ಲಾಜೆಲೇಟ್‌ಗಳು ನುಗ್ಗುವುದು ಇಂಥ ತೊಟ್ಟಿಗಳಲ್ಲಿ ಸಾಮಾನ್ಯ. ಅಣ್ಣನ ಕಂದು ಲೋಳೆ ಅದೇ.

ಹಾಗಾದರೆ ಎಷ್ಟಿರಬೇಕು? ಹವಾಯಿಯ ಹೊನೊಲುಲುವಿನ ವೈಕಿಕಿ ಅಕ್ವೇರಿಯಂನ ನೀರಿನ ವಿವರ 1995ರಲ್ಲಿ ಪ್ರಕಟವಾಯಿತು. ಅಲ್ಲಿ ನೈಟ್ರೇಟ್ ಲೀಟರಿಗೆ ಸುಮಾರು 5 ಮೈಕ್ರೋಮೋಲ್, ಫಾಸ್ಫೇಟ್ ಸುಮಾರು 0.6. ಕಡಲಿನ ಹೆಚ್ಚಿನ ಹವಳ ದಿಬ್ಬಗಳಿಗಿಂತ ಇದು ಜಾಸ್ತಿ. ಆದರೂ ಅಲ್ಲಿ 57 ಜಾತಿಯ ಹವಳಗಳು ಬೆಳೆಯುತ್ತಿದ್ದವು. ಮಿಲಿಗ್ರಾಂಗೆ ತಿರುಗಿಸಿದರೆ ನೈಟ್ರೇಟ್ 0.31, ಫಾಸ್ಫೇಟ್ 0.06ರ ಆಸುಪಾಸು. ನಮ್ಮ ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್‌ವರೆಗೆ ಪರವಾನಗಿ ಇದೆ. ನಮಗೆ ಕುಡಿಯಲು ಯೋಗ್ಯವಾದ ನೀರು ಹವಳಕ್ಕೆ ಗೊಬ್ಬರದ ನೀರು! ಅದಕ್ಕೇ ಆರ್‌ಒ ನೀರಿಗೆ ಉಪ್ಪು ಬೆರೆಸುವುದು.

ಪ್ರಮಾಣದಷ್ಟೇ ಮುಖ್ಯ ಹೊಂದಾಣಿಕೆ. ಆಲ್ಫ್ರೆಡ್ ರೆಡ್‌ಫೀಲ್ಡ್ ಎಂಬ ವಿಜ್ಞಾನಿ ಕಡಲಿನ ಪ್ಲವಕಗಳಲ್ಲಿ 16 ಸಾರಜನಕ ಪರಮಾಣುವಿಗೆ 1 ರಂಜಕ ಪರಮಾಣು ಇರುವುದನ್ನು ಗುರುತಿಸಿದ. ನೈಟ್ರೇಟಿನ ಅಣುತೂಕ 62, ಫಾಸ್ಫೇಟಿನದು 95. ಮೋಲ್ ಲೆಕ್ಕ ಬಲ್ಲವರು ಮಾಡಿ ನೋಡಿ, ತೂಕದಲ್ಲಿ ಸುಮಾರು 10ಕ್ಕೆ 1 ಬರುತ್ತದೆ. ತೊಟ್ಟಿಯಲ್ಲಿ ಇದನ್ನು ಅಕ್ಷರಶಃ ಪಾಲಿಸಬೇಕೆಂದಿಲ್ಲ, ಆದರೆ ಒಂದು ಇದ್ದು ಇನ್ನೊಂದು ಬರಿದಾಗಬಾರದು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಯೋರ್ಗ್ ವೀಡೆನ್‌ಮನ್ ಮತ್ತು ಸಂಗಡಿಗರು ತೋರಿಸಿದ್ದು ಇದನ್ನೇ. ಸಾರಜನಕ ಹೆಚ್ಚಿದ್ದು ಫಾಸ್ಫೇಟ್ ಸಿಗದಿದ್ದರೆ, ಪಾಚಿ ತನ್ನ ಪೊರೆಗಳಲ್ಲಿ ರಂಜಕವಿರುವ ಕೊಬ್ಬಿನ ಬದಲು ಗಂಧಕದ ಕೊಬ್ಬು ತುಂಬಿಕೊಳ್ಳುತ್ತದೆ. ಆಮೇಲೆ ಬಿಸಿ, ಬೆಳಕು ಸ್ವಲ್ಪ ಹೆಚ್ಚಾದರೂ ಹವಳ ಬಿಳಿಚಿಕೊಳ್ಳುತ್ತದೆ. ಹೊಲದ ಗೊಬ್ಬರ, ಊರಿನ ಚರಂಡಿ ಕಡಲು ಸೇರುವ ಕಡೆ ಹವಳಗಳಿಗೆ ಅಪಾಯ ಯಾಕೆ ಹೆಚ್ಚು ಎಂಬುದಕ್ಕೂ ಇದೊಂದು ಉತ್ತರ.

ನಮ್ಮ ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಇದನ್ನು ಓದಿ ಯಾರಿಗಾದರೂ ಒಂದು ತುಂಡು ತಂದು ಸಾಕುವ ಆಸೆ ಬಂದರೆ ಬೇಡ. ದಿಬ್ಬ ಕಟ್ಟುವ ಎಲ್ಲ ಹವಳಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಯೂ ಅದೇ ಪಟ್ಟಿಯಲ್ಲಿದೆ.

ಅಣ್ಣ ಮೊದಲು ಕಬ್ಬಿಣದ ಹರಳು ತೆಗೆದ, ವಿನೆಗರ್ ನಿಲ್ಲಿಸಿದ, ಸ್ಕಿಮ್ಮರನ್ನು ರಾತ್ರಿ ಮಾತ್ರ ಓಡಿಸಿದ, ಮೀನಿಗೆ ಸ್ವಲ್ಪ ಹೆಚ್ಚು ಊಟ ಹಾಕಿದ. ಎರಡು ಹವಳ ಸತ್ತೇ ಹೋದವು. ಉಳಿದವಕ್ಕೆ ಬಣ್ಣ ಬರಲು ನಾಲ್ಕು ತಿಂಗಳು ಹಿಡಿಯಿತು. ಈಗ ಪ್ರತಿ ಶುಕ್ರವಾರ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆದಿಡುತ್ತಾನೆ. ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾನೆ. ಹೋದ ವಾರದ ಫೋಟೋದಲ್ಲಿ ಗಾಜಿನ ಮೂಲೆಯಲ್ಲಿ ಸ್ವಲ್ಪ ಹಸಿರು ಪಾಚಿ ಇತ್ತು. ಅದನ್ನು ಉಜ್ಜಿಲ್ಲವಾ ಎಂದು ಕೇಳಿದೆ. "ಇರಲಿ ಬಿಡು" ಎಂದ.