ನೈದಿಲೆಯ ಕೊಳದ ಮರುಹುಟ್ಟು

ಫ್ರಾನ್ಸ್ ದೇಶದ ರಾಜಧಾನಿಯಾದ ಪ್ಯಾರಿಸ್ ನಗರದಿಂದ ವಾಯವ್ಯ ದಿಕ್ಕಿಗೆ ಸುಮಾರು 75 ಕಿಲೋಮೀಟರು ದೂರದಲ್ಲಿ ಜಿವೆರ್ನಿ ಎಂಬ ಚಿಕ್ಕ ಗ್ರಾಮವಿದೆ. ಅಲ್ಲಿಯ ಒಂದು ತೋಟದಲ್ಲಿ ನೈದಿಲೆಗಳಿಂದ ತುಂಬಿದ ಕೊಳವೂ ಅದರ ಮೇಲೆ ಬಿಲ್ಲಿನಂತೆ ಬಾಗಿದ ಹಸುರು ಬಣ್ಣದ ಮರದ ಸೇತುವೆಯೂ ಇವೆ. ಕ್ಲೋದ್ ಮೊನೆ (1840-1926) ಎಂಬ ಚಿತ್ರಕಾರನ ಕುಂಚದಿಂದ ಈ ಕೊಳವು ಲೋಕಪ್ರಸಿದ್ಧವಾಯಿತು. ಅವನ ಕಾಲದ ಬಳಿಕ ಬೇರೆ ಕಲಾವಿದರೂ ಇದೇ ಕೊಳವನ್ನು ಮತ್ತೆ ರಚಿಸಿದರು. ಆದರೆ ಅವರ ಕೊಳದಲ್ಲಿ, ಅಲ್ಲಿ ಇರಬಾರದ ವಸ್ತುಗಳು ಕಾಣಿಸಿಕೊಂಡವು. ಜನರು ಮೆಚ್ಚಿದ ಕೃತಿಯೊಂದನ್ನು ಹೀಗೆ ಮಾರ್ಪಡಿಸುವುದು ಕಲೆಯೋ ಅಪಚಾರವೋ? ಇದಕ್ಕೆ ಉತ್ತರ ಕಂಡುಕೊಳ್ಳಬೇಕಾದರೆ ಮೊದಲು ಮೂಲಚಿತ್ರದ ಬಳಿಗೆ ಹೋಗಬೇಕು.

ಮೊನೆ ಮತ್ತು ಅವನ ಗೆಳೆಯರು 1874ರಲ್ಲಿ ಪ್ಯಾರಿಸ್ಸಿನಲ್ಲಿ ತಮ್ಮದೇ ಆದ ಚಿತ್ರಪ್ರದರ್ಶನವೊಂದನ್ನು ಏರ್ಪಡಿಸಿದರು. ಅದರಲ್ಲಿ ಮೊನೆ ಬರೆದ ಬಂದರಿನ ಸೂರ್ಯೋದಯದ ಚಿತ್ರವೊಂದಿತ್ತು. ಅದರ ಹೆಸರಿನಲ್ಲಿದ್ದ ‘ಇಂಪ್ರೆಷನ್’, ಅಂದರೆ ಅನಿಸಿಕೆ, ಎಂಬ ಮಾತನ್ನೇ ಹಿಡಿದು ವಿಮರ್ಶಕನೊಬ್ಬನು ಅವರೆಲ್ಲರನ್ನೂ ‘ಇಂಪ್ರೆಷನಿಸ್ಟರು’ ಎಂದು ಪರಿಹಾಸ್ಯ ಮಾಡಿದನು. ಆ ಹೆಸರೇ ಪಂಥಕ್ಕೆ ನಿಂತಿತು. ಈ ಚಿತ್ರಕಾರರು ಕೋಣೆಯಿಂದ ಹೊರಬಂದು ಬಯಲಿನಲ್ಲಿ ನಿಂತು ಚಿತ್ರ ಬರೆದರು. ವಸ್ತುವಿನ ರೂಪರೇಖೆಗಿಂತ ಅದರ ಮೇಲೆ ಬೀಳುವ ಬೆಳಕು ಅವರಿಗೆ ಮುಖ್ಯವಾಗಿತ್ತು. ಬೆಳಕು ಕ್ಷಣಕ್ಷಣಕ್ಕೂ ಬದಲಾಗುವುದರಿಂದ, ಚಿಕ್ಕ ಚಿಕ್ಕ ಕುಂಚದ ಹೊಡೆತಗಳಿಂದ ಬಣ್ಣಗಳನ್ನು ಒಂದರ ಪಕ್ಕದಲ್ಲೊಂದು ಇರಿಸಿ ಆ ಕ್ಷಣವನ್ನು ಹಿಡಿಯಲು ಅವರು ಯತ್ನಿಸಿದರು.

ಮೊನೆ 1883ರಲ್ಲಿ ಜಿವೆರ್ನಿಗೆ ಬಂದು ನೆಲೆಸಿದನು. 1893ರಲ್ಲಿ ರೈಲುಹಳಿಯ ಆಚೆ ಬದಿಯ ನೆಲವನ್ನು ಕೊಂಡು, ಅಲ್ಲಿ ಹರಿಯುತ್ತಿದ್ದ ತೊರೆಯ ನೀರನ್ನು ತಿರುಗಿಸಿ ಕೊಳವನ್ನು ಮಾಡಲು ಸರ್ಕಾರದ ಅನುಮತಿ ಕೇಳಿದನು. ಗ್ರಾಮಸ್ಥರು ಇದನ್ನು ವಿರೋಧಿಸಿದರು. ಪರದೇಶದ ಗಿಡಗಳಿಂದ ನೀರು ಕೆಟ್ಟು ದನಕರುಗಳಿಗೆ ಅಪಾಯವಾದೀತೆಂಬುದು ಅವರ ಭಯ. ಕೊನೆಗೆ ಅನುಮತಿ ದೊರೆಯಿತು. ಆಗ ಹೊಸದಾಗಿ ಸಿದ್ಧವಾಗಿದ್ದ ಮಿಶ್ರತಳಿಯ ಬಣ್ಣದ ನೈದಿಲೆಗಳನ್ನು ಮೊನೆ ತರಿಸಿ ನೆಡಿಸಿದನು. ಜಪಾನೀ ಮುದ್ರಣಚಿತ್ರಗಳನ್ನು ಪ್ರೀತಿಯಿಂದ ಸಂಗ್ರಹಿಸುತ್ತಿದ್ದ ಅವನು ಆ ಮಾದರಿಯಲ್ಲಿ ಸೇತುವೆಯನ್ನು ಕಟ್ಟಿಸಿದನು. ಆದುದರಿಂದ ಇಂದು ನಮಗೆ ಪ್ರಕೃತಿಯ ಸಹಜ ಸೌಂದರ್ಯವೆಂದು ತೋರುವ ಆ ಕೊಳವು ಮೊದಲು ಒಬ್ಬನ ಕಲ್ಪನೆಯಲ್ಲಿ ಹುಟ್ಟಿ, ಅನಂತರ ನೆಲದ ಮೇಲೆ ಮೂಡಿದುದು. ಚಿತ್ರ ಬರೆಯುವುದಕ್ಕೆ ಮೊದಲೇ ಮೊನೆ ಆ ನೆಲವನ್ನು ಮಾರ್ಪಡಿಸಿದ್ದನು.

1899ರಲ್ಲಿ ಮೊನೆ ಬರೆದ ಸೇತುವೆಯ ಚಿತ್ರಗಳಲ್ಲಿ ಆಕಾಶಕ್ಕೆ ಹೆಚ್ಚು ಎಡೆಯಿಲ್ಲ. ಮೇಲೆ ಮರಗಳ ದಟ್ಟ ಹಸುರು, ಕೆಳಗೆ ಅದೇ ಹಸುರಿನ ಪ್ರತಿಬಿಂಬ, ನಡುವೆ ತೇಲುವ ಹೂಗಳು. ನೋಡುವವನಿಗೆ ನೀರು ಎಲ್ಲಿ, ನೆರಳು ಎಲ್ಲಿ ಎಂಬುದು ಒಡನೆ ತಿಳಿಯುವುದಿಲ್ಲ. ಮುಂದೆ ಮೊನೆಗೆ ಕಣ್ಣಿನ ಪೊರೆ ಬಂದು ದೃಷ್ಟಿ ಮಸುಕಾಯಿತು, 1923ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆದರೂ ಅವನು ಕುಂಚವನ್ನು ಕೆಳಗಿಡಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಅವನ ಮಗನು ಸೈನ್ಯದಲ್ಲಿದ್ದಾಗ, ಮೊನೆ ಸುಮಾರು 2 ಮೀಟರು ಎತ್ತರದ ನೈದಿಲೆಯ ಚಿತ್ರಗಳಲ್ಲಿ ತೊಡಗಿದ್ದನು. 1918ರ ನವೆಂಬರ್ 11ರಂದು ಯುದ್ಧವಿರಾಮವಾಯಿತು. ಮರುದಿನವೇ ಅವನು ತನ್ನ ಗೆಳೆಯನೂ ಫ್ರಾನ್ಸಿನ ಪ್ರಧಾನಿಯೂ ಆಗಿದ್ದ ಕ್ಲೆಮಾನ್ಸೋನಿಗೆ ಪತ್ರ ಬರೆದು ಎರಡು ಚಿತ್ರಗಳನ್ನು ದೇಶಕ್ಕೆ ಅರ್ಪಿಸುವುದಾಗಿ ತಿಳಿಸಿದನು. ಆ ಕೊಡುಗೆ ಬೆಳೆದು ಪ್ಯಾರಿಸ್ಸಿನ ಒರಾಂಜರಿ ಸಂಗ್ರಹಾಲಯದ ಎರಡು ಅಂಡಾಕಾರದ ಕೋಣೆಗಳಲ್ಲಿ 1927ರಿಂದ ಜನರ ದರ್ಶನಕ್ಕೆ ದೊರೆಯಿತು. ಅಷ್ಟರಲ್ಲಿ ಮೊನೆ ಕಣ್ಮುಚ್ಚಿದ್ದನು. ಶಾಂತವಾಗಿ ಕಾಣುವ ಆ ನೀರು ಯುದ್ಧಕಾಲದ ದುಃಖವನ್ನು ಬಲ್ಲ ನೀರು.

ಮೊನೆಯ ಕೊನೆಯ ದಿನಗಳಲ್ಲಿಯೇ ಪ್ಯಾರಿಸ್ಸಿನಲ್ಲಿ ಮತ್ತೊಂದು ಪಂಥವು ತಲೆಯೆತ್ತಿತು. 1924ರಲ್ಲಿ ಆಂದ್ರೆ ಬ್ರೆತೋನ್ ಎಂಬ ಕವಿಯು ‘ಸರ್ರಿಯಲಿಸಂ’ ಅಥವಾ ಅತಿವಾಸ್ತವವಾದದ ಪ್ರಣಾಳಿಕೆಯನ್ನು ಪ್ರಕಟಿಸಿದನು. ಎಚ್ಚರದಲ್ಲಿ ಕಾಣುವುದಷ್ಟೇ ಸತ್ಯವಲ್ಲ, ಕನಸಿನಲ್ಲಿ ಮತ್ತು ಮನಸ್ಸಿನ ಆಳದಲ್ಲಿ ಅಡಗಿರುವುದೂ ಸತ್ಯವೇ ಎಂಬುದು ಅದರ ನಿಲುವು. ಕನಸಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳು ಒಂದೇ ಕಡೆ ಸೇರುತ್ತವೆ. ಅತಿವಾಸ್ತವವಾದಿಗಳೂ ತಮ್ಮ ಚಿತ್ರಗಳಲ್ಲಿ ಹಾಗೆಯೇ ಸೇರಿಸಿದರು. ಇಂಪ್ರೆಷನಿಸ್ಟನು ಕಣ್ಣನ್ನು ನಂಬಿದರೆ ಅತಿವಾಸ್ತವವಾದಿಯು ಕಣ್ಣಿಗೆ ಕಾಣದುದನ್ನು ಅರಸಿದನು.

ಮೇಲುನೋಟಕ್ಕೆ ವಿರುದ್ಧವಾದ ಈ ಎರಡು ಪಂಥಗಳನ್ನು ಒಟ್ಟುಗೂಡಿಸಿದವನು ಬೆಲ್ಜಿಯಂ ದೇಶದ ರೆನೆ ಮಗ್ರಿತ್. 1943ರಲ್ಲಿ ಅವನ ದೇಶವು ಜರ್ಮನಿಯ ಸೈನ್ಯದ ವಶದಲ್ಲಿತ್ತು. ಆಗ ಅವನು ತನ್ನ ಎಂದಿನ ನುಣುಪಾದ ಶೈಲಿಯನ್ನು ಬಿಟ್ಟು, ಮೊನೆಯ ಗೆಳೆಯನಾದ ರೆನ್ವಾರನ ಹಾಗೆ ಹೊಳೆಯುವ ಬಣ್ಣಗಳಲ್ಲಿ ಬರೆಯತೊಡಗಿದನು. ಆ ವರ್ಷದ ಒಂದು ಚಿತ್ರದಲ್ಲಿ ಮಲಗಿರುವ ಸ್ತ್ರೀಯ ಒಂದೊಂದು ಅಂಗಕ್ಕೂ ಒಂದೊಂದು ಬಣ್ಣವಿದೆ. ಕತ್ತಲೆಯ ಕಾಲಕ್ಕೆ ಕತ್ತಲೆಯ ಚಿತ್ರವೇ ಉತ್ತರವಲ್ಲ, ಸಂತೋಷವೂ ಪ್ರತಿಭಟನೆಯಾಗಬಲ್ಲುದು ಎಂಬುದು ಅವನ ಅಭಿಪ್ರಾಯವಾಗಿತ್ತು. ಬ್ರೆತೋನನು ಇದನ್ನು ಒಪ್ಪಲಿಲ್ಲ. ಮಗ್ರಿತನು ಕೆಲವು ವರ್ಷಗಳ ಮೇಲೆ ಹಳೆಯ ಶೈಲಿಗೆ ಮರಳಿದನು. ಆದರೆ ಇಂಪ್ರೆಷನಿಸ್ಟರ ಬೆಳಕನ್ನು ಹೊಸ ಉದ್ದೇಶಕ್ಕೆ ಬಳಸಬಹುದೆಂಬುದು ಆಗಲೇ ಸಿದ್ಧಪಟ್ಟಿತ್ತು.

ಮುಂದೆ ಮೊನೆಯ ಕೊಳಕ್ಕೇ ಕೈಯಿಟ್ಟವರಲ್ಲಿ ಇಬ್ಬರನ್ನು ಇಲ್ಲಿ ನೋಡಬಹುದು. ಇವರಿಬ್ಬರೂ ಅತಿವಾಸ್ತವವಾದದ ಪಂಥಕ್ಕೆ ಸೇರಿದವರಲ್ಲ. ಆದರೆ ಪರಿಚಿತ ದೃಶ್ಯದಲ್ಲಿ ಅಪರಿಚಿತ ವಸ್ತುವನ್ನಿಟ್ಟು ಬೆಚ್ಚಿಬೀಳಿಸುವ ಉಪಾಯ ಇಬ್ಬರಿಗೂ ತಿಳಿದಿದೆ. ಮೊದಲನೆಯವರು ಬ್ಯಾಂಕ್ಸಿ ಎಂಬ ಹೆಸರಿನಿಂದ ಪ್ರಸಿದ್ಧರಾದ ಇಂಗ್ಲೆಂಡಿನ ಕಲಾವಿದರು. 2005ರಲ್ಲಿ ಅವರು ಮೊನೆಯ ಸೇತುವೆಯ ಚಿತ್ರವನ್ನು ಅದೇ ರೀತಿಯಲ್ಲಿ ತೈಲವರ್ಣದಲ್ಲಿ ಬರೆದರು. ಆದರೆ ನೈದಿಲೆಗಳ ನಡುವೆ, ದೊಡ್ಡ ಅಂಗಡಿಗಳಲ್ಲಿ ಸಾಮಾನು ತುಂಬಿಕೊಳ್ಳುವ ಎರಡು ತಂತಿಯ ತಳ್ಳುಬಂಡಿಗಳೂ ರಸ್ತೆಯಲ್ಲಿ ವಾಹನಗಳನ್ನು ತಡೆಯಲು ಇಡುವ ಕಿತ್ತಳೆ ಬಣ್ಣದ ಒಂದು ಶಂಕುವೂ ಮುಳುಗಿ ಬಿದ್ದಿವೆ. ಅವುಗಳನ್ನು ನೋಡಿದವನಿಗೆ ಮೊದಲು ನಗು ಬರುತ್ತದೆ, ಆಮೇಲೆ ನಾಚಿಕೆಯಾಗುತ್ತದೆ. ಕೊಂಡು ಬಿಸಾಡಿದ ವಸ್ತುಗಳಿಂದ ಕೆರೆತೊರೆಗಳನ್ನು ಕೆಡಿಸುವವರು ಯಾರೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೊಳ್ಳುವ ಗೀಳನ್ನು ಹಳಿದ ಆ ಚಿತ್ರವೇ 2020ರ ಅಕ್ಟೋಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ 75 ಲಕ್ಷ ಪೌಂಡಿಗೂ ಮಿಕ್ಕಿದ ಬೆಲೆಗೆ ಮಾರಾಟವಾದುದು ವಿಪರ್ಯಾಸವೇ ಸರಿ.

ಎರಡನೆಯವರು ಚೀನಾದಲ್ಲಿ ಹುಟ್ಟಿದ ಐ ವೇವೇ. ಅವರು ಮೊನೆಯ ನೈದಿಲೆಯ ದೊಡ್ಡ ಚಿತ್ರವೊಂದನ್ನು, ಮಕ್ಕಳು ಆಡುವ ಲೆಗೊ ಎಂಬ ಪ್ಲಾಸ್ಟಿಕ್ ಇಟ್ಟಿಗೆಗಳಿಂದ 2022ರಲ್ಲಿ ಮರುರಚಿಸಿದರು. 22 ಬಣ್ಣಗಳ ಸುಮಾರು 6,50,000 ತುಂಡುಗಳನ್ನು ಜೋಡಿಸಿದ ಆ ಕೃತಿಯು 15 ಮೀಟರಿಗೂ ಹೆಚ್ಚು ಉದ್ದವಾಗಿದೆ. ದೂರದಿಂದ ಅದು ಮೊನೆಯ ಕೊಳವೇ. ಆದರೆ ಬಲಬದಿಯಲ್ಲಿ, ನೀರಿನ ನಡುವೆ, ಮೂಲದಲ್ಲಿಲ್ಲದ ಒಂದು ಕಪ್ಪು ಬಾಗಿಲಿದೆ. ಐ ವೇವೇಯವರ ತಂದೆ ಐ ಚಿಂಗ್ ಹೆಸರಾಂತ ಕವಿ. ಚೀನಾದ ಆಳರಸರ ಕೋಪಕ್ಕೆ ತುತ್ತಾಗಿ ಅವರು ಷಿನ್‌ಜಿಯಾಂಗ್ ಪ್ರಾಂತಕ್ಕೆ ಗಡಿಪಾರಾದರು. 1960ರ ದಶಕದಲ್ಲಿ ಅಲ್ಲಿ ಶೌಚಾಲಯಗಳನ್ನು ಶುಚಿಮಾಡುವ ಕೆಲಸ ಅವರಿಗೆ ಬಿತ್ತು. ತಂದೆ ಮತ್ತು ಮಗ ನೆಲದೊಳಗೆ ತೋಡಿದ ಗುಂಡಿಮನೆಯಲ್ಲಿ ವಾಸಿಸಿದರು. ಆ ಕಪ್ಪು ಬಾಗಿಲು ಆ ಮನೆಯದು. ಬಾಲಕನೊಬ್ಬನ ನೆನಪು ಅರ್ಧ ಶತಮಾನದ ಬಳಿಕ ಬೇರೊಬ್ಬನ ತೋಟದಲ್ಲಿ ತೆರೆದುಕೊಂಡಿತು.

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ಹೆಸರಾದ ಚಿತ್ರದ ಮೇಲೆ ಮನಬಂದಂತೆ ಏನನ್ನಾದರೂ ಸೇರಿಸಿದರೆ ಅದು ಚೇಷ್ಟೆಯಾಗುತ್ತದೆಯೇ ಹೊರತು ಕಲೆಯಾಗುವುದಿಲ್ಲ. ಮೂಲವನ್ನು ಶ್ರದ್ಧೆಯಿಂದ ನೋಡಿದವನು ಮಾತ್ರ ಅದಕ್ಕೆ ತನ್ನದೊಂದು ಸತ್ಯವನ್ನು ಸೇರಿಸಬಲ್ಲನು. ತಳ್ಳುಬಂಡಿಯು ನಮ್ಮನ್ನು ಕುಟುಕುವುದು ಸುತ್ತಲಿನ ನೀರು ಅಷ್ಟು ಚೆಲುವಾಗಿರುವುದರಿಂದ. ಕಪ್ಪು ಬಾಗಿಲು ನಮ್ಮನ್ನು ನಡುಗಿಸುವುದು ಅದರ ಸುತ್ತ ಹೂಗಳಿರುವುದರಿಂದ. ಮೊನೆಯ ಚೆಲುವನ್ನು ಕೆಡಿಸಿದ್ದರೆ ಈ ಎರಡು ಕೃತಿಗಳೂ ಮೂಕವಾಗುತ್ತಿದ್ದವು.

ಪರದೇಶದ ಹೂಗಳು ನೀರನ್ನು ಕೆಡಿಸುವುವೆಂದು ಜಿವೆರ್ನಿಯ ಜನರು ಒಮ್ಮೆ ಅಂಜಿದ್ದರು. ಆ ಹೂಗಳಿಂದಲೇ ಆ ಗ್ರಾಮದ ಹೆಸರು ಲೋಕಕ್ಕೆ ತಿಳಿಯಿತು. ಹೊಸ ಕಲೆಯನ್ನು ಕಂಡು ಅಂಜುವವರು ಈ ಸಂಗತಿಯನ್ನು ನೆನೆಯುವುದು ಒಳ್ಳೆಯದು. ಹಳೆಯ ಚಿತ್ರವು ಸಂಗ್ರಹಾಲಯದ ಗೋಡೆಯ ಮೇಲೆ ಎಂದಿನಂತೆ ಇದ್ದೇ ಇದೆ. ಅದನ್ನು ನೋಡುವ ನಮ್ಮ ಕಣ್ಣು ಮಾತ್ರ ಹೊಸದಾಗಿದೆ.